ಹತ್ತೂವರೆಗೆ ಒಂದು

ತಾನು ಶಿಳ್ಳೆ ಹಾಕುತ್ತಿದ್ದೇನೆಂಬುದು ವಿಸ್ಟಿನ್ ಮಿಕಾಲೆಫನಿಗೆ ತಿಳಿದದ್ದು ಹೆಂಡತಿಯ ಸಮಾಧಿಯ ಮುಂದೆ ನಿಂತಿದ್ದಾಗ. ಕೈಯಲ್ಲಿ ಹೂವಿನ ಕಟ್ಟಿತ್ತು, ಟೋಪಿ ಕಂಕುಳಲ್ಲಿತ್ತು, ತುಟಿ ಮಾತ್ರ ತನ್ನ ಪಾಡಿಗೆ ತಾನು ಊರಹಬ್ಬದ ಬ್ಯಾಂಡಿನ ಯಾವುದೋ ಕುಣಿತದ ರಾಗವನ್ನು ಊದುತ್ತಿತ್ತು. ಎರಡು ಸಾಲಿನಾಚೆ ಕಲ್ಲು ಒರೆಸುತ್ತಿದ್ದ ಹೆಂಗಸೊಬ್ಬಳು ತಲೆಯೆತ್ತಿ ನೋಡಿದಳು. ವಿಸ್ಟಿನ್ ಶಿಳ್ಳೆಯನ್ನು ಕೆಮ್ಮಾಗಿ ತಿರುಗಿಸಿದ, ಕೆಮ್ಮನ್ನು ನಿಟ್ಟುಸಿರಾಗಿ ತಿರುಗಿಸಿದ, ಆಮೇಲೆ ನಾಚಿಕೆಯಿಂದ ಹೂವನ್ನು ತಲೆಕೆಳಗಾಗಿ ಹೂದಾನಿಗೆ ತುರುಕಿದ. ವಿತೋರಿನಾ ಹೋಗಿ ಎಂಟು ತಿಂಗಳಾಗಿತ್ತು. ಎಂಟು ತಿಂಗಳಿಂದ ಅವನು ಒಂದು ದುಃಖದ ಮುಖವನ್ನು ಕಷ್ಟಪಟ್ಟು ಕಾಪಾಡಿಕೊಂಡು ಬಂದಿದ್ದ. ಚರ್ಚಿನ ಹೆಂಗಸರು ಗಿಣ್ಣು ತುಂಬಿದ ಬಿಸಿ ಪಸ್ತಿತ್ಸಿಯ ತಟ್ಟೆ ಹಿಡಿದು ಬಾಗಿಲಿಗೆ ಬಂದರೆ ಆ ಮುಖವನ್ನೇ ಹೊತ್ತು ಎದುರಾಗುತ್ತಿದ್ದ. ಅವರು ಅತ್ತ ಹೋದದ್ದೇ ತಡ, ಅಡಿಗೆಮನೆಯ ಮೇಜಿನ ಮೇಲೆ ಎಂಜಿನ್ನಿಗೆ ಹಾಕುವ ಕ್ಯಾಮ್‌ಗಳ ಪಟ್ಟಿಯನ್ನು ಬಿಚ್ಚಿಟ್ಟು, ಪದರಪದರವಾದ ಆ ತಿಂಡಿಯ ಪುಡಿಯನ್ನು ಇನ್ನೂರ ತೊಂಬತ್ತು ಡಿಗ್ರಿಯ ಸಾಲಿನ ಮೇಲೆಲ್ಲ ಉದುರಿಸಿಕೊಂಡು ತಿನ್ನುತ್ತಿದ್ದ. ದುಃಖ ಇರಲಿಲ್ಲವೆಂದಲ್ಲ. ಅದು ಬೆಳಗಿನ ಜಾವ ಬರುತ್ತಿತ್ತು, ಹಾಸಿಗೆಯ ಎಡಬದಿಯಿಂದ ಬರುತ್ತಿತ್ತು. ಆದರೆ ಅದರ ಬೆನ್ನಿಗೇ, ಆಟಕ್ಕೆ ಕರೆಯುವ ಮಕ್ಕಳ ಹಾಗೆ, ಈ ಇನ್ನೊಂದು ಬಂದು ನಿಲ್ಲುತ್ತಿತ್ತು. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಕಳೆದ ಶನಿವಾರ ಅದನ್ನು ಪಾಪನಿವೇದನೆಯಲ್ಲಿ ಹೇಳಿಯೂ ಆಗಿತ್ತು. "ಫಾದರ್, ನನಗೆ ಖುಷಿಯಾಗ್ತಿದೆ" ಎಂದಿದ್ದ. ಜಾಲಂದ್ರದ ಆಚೆಯಿಂದ ಫಾದರ್ ಸಾಲ್ವು, "ಖುಷಿ ಪಾಪ ಅಲ್ಲಪ್ಪ. ಯಾತಕ್ಕೆ ಖುಷಿ?" ಎಂದರು. "ಎಂಜಿನ್ ಬಿಚ್ಚಿದೀನಿ. ಹೊಸ ಕ್ಯಾಮ್ ಹಾಕಬೇಕು ಅಂತ. ದೊಡ್ಡದು." ಫಾದರ್ ಜಾಲಂದ್ರಕ್ಕೆ ಹತ್ತಿರ ಸರಿದರು. "ಹಳೇ ಕಿಂಗ್ಸ್‌ವುಡ್ ಕಾರಿಗಾ? ಆ ಎಂಟು ಸಿಲಿಂಡರಿನದಕ್ಕಾ?" "ಹೌದು ಫಾದರ್." ಮೂರು ಸಲ ನಮೋ ಮರಿಯಾ ಹೇಳು ಎಂದು ಅವರು ಪರಿಹಾರ ವಿಧಿಸಿದರು. ಅವನು ಮೊಣಕಾಲು ಹಿಡಿದುಕೊಂಡು ಏಳುವಾಗ ಆಚೆಯಿಂದ ಪಿಸುದನಿಯಲ್ಲಿ, "ಎಷ್ಟು ಡಿಗ್ರಿ?" ಎಂದು ಕೇಳಿಸಿತ್ತು.

ಎಷ್ಟು ಡಿಗ್ರಿ ಎಂಬುದೇ ತೀರ್ಮಾನವಾಗಬೇಕಿತ್ತು, ಅದೂ ಇವತ್ತು. ಬ್ರೇಬ್ರೂಕಿನಲ್ಲಿ ಕ್ಯಾಮ್ ಕೊರೆಯುವ ಕ್ಲೆಮ್ ಟ್ರೆವಾರ್ಥಾ ಈ ವಾರ ಯಂತ್ರ ನಿಲ್ಲಿಸುತ್ತಿದ್ದ. ಕೈ ನಡುಗಲು ಶುರುವಾಗಿದೆ, ಶುಕ್ರವಾರದ ನಂತರ ಒಂದೂ ಕೊರೆಯುವುದಿಲ್ಲ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದ. ಇವತ್ತು ಗುರುವಾರ. ವಿಸ್ಟಿನ್ ವಿತೋರಿನಾಳ ಪುಟ್ಟ ಬಿಳಿ ಕಾರಿನಲ್ಲಿ ಹೊರಟ. ಅದರ ಎಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಕಿವಿ ಸಾಲದು, ಮೀಟರಿನ ಮುಳ್ಳನ್ನು ನೋಡಬೇಕು. ಅವಳು ಅದರಲ್ಲಿ ಬಿಂಗೋ ಆಡಲು ಹೋಗುತ್ತಿದ್ದಳು. ಭಾನುವಾರದ ಪೂಜೆಗೆ ಮಾತ್ರ ಕಿಂಗ್ಸ್‌ವುಡ್ಡೇ ಆಗಬೇಕು, ಅವನೇ ನಡೆಸಬೇಕು, ಅವಳು ಎಡಗಡೆ ಕೂತು ದಾರಿಯುದ್ದಕ್ಕೂ ಜಪಸರ ಹೇಳಬೇಕು. ಮನೆಯಿಂದ ಚರ್ಚಿಗೆ ಐದು ಕೆಂಪುದೀಪ. ಐದರಲ್ಲೂ ನಿಂತರೆ ಬಾಗಿಲಿಗೆ ಹೋಗುವಷ್ಟರಲ್ಲಿ ಸರ ಸರಿಯಾಗಿ ಮುಗಿಯುತ್ತಿತ್ತು. ಒಂದೆರಡು ಹಸಿರು ಸಿಕ್ಕಿದರೆ ಚರ್ಚಿನ ಬಯಲಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸದೆ, ಉಳಿದದ್ದನ್ನು ಹೇಳಿ ಮುಗಿಸಿಯೇ ಇಳಿಯುತ್ತಿದ್ದಳು. ಪಕ್ಕದ ಸೀಟಿನ ಮೇಲೆ ಈಗ ಒಂದು ಬಟ್ಟೆಯ ಗಂಟು ಇತ್ತು. ತಿರುವಿನಲ್ಲಿ ಅದು ಉರುಳಬಾರದೆಂದು ಅವನು ಅದಕ್ಕೆ ಬೆಲ್ಟ್ ಹಾಕಿದ್ದ.

ಕ್ಯಾಮ್ ಎಂದರೆ ಎಂಜಿನ್ನಿನ ಹೊಟ್ಟೆಯೊಳಗೆ ತಿರುಗುವ ಒಂದು ಕಬ್ಬಿಣದ ದಂಡ. ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳು; ಒಂದೊಂದು ಉಬ್ಬು ಒಂದೊಂದು ವಾಲ್ವನ್ನು ತಳ್ಳಿ ತೆರೆಯುತ್ತದೆ, ಬಿಟ್ಟು ಮುಚ್ಚುತ್ತದೆ. ಎಷ್ಟು ಹೊತ್ತು ತೆರೆದಿರಬೇಕೆಂಬುದೇ ಆ ಡಿಗ್ರಿಯ ಲೆಕ್ಕ. ಇನ್ನೂರ ಅರವತ್ತಾದರೆ ಎಂಜಿನ್ ಸಂಭಾವಿತ. ಇನ್ನೂರ ಎಪ್ಪತ್ತೈದಾದರೆ ಸ್ವಲ್ಪ ತುಂಟ. ಇನ್ನೂರ ತೊಂಬತ್ತಾದರೆ ಗಾಡಿ ನಿಂತಲ್ಲೇ ಕುಂಟುತ್ತದೆ, ಗೊರಗೊರ ಎನ್ನುತ್ತದೆ, ಕೆಂಪುದೀಪದ ಹತ್ತಿರ ಅಂಗಡಿಯ ಗಾಜು ಅದಿರುತ್ತದೆ, ಕನ್ನಡಿಯಲ್ಲಿ ಹಿಂದಿನವರ ಮುಖ ಎರಡಾಗಿ ಕಾಣುತ್ತದೆ. ನಲವತ್ತು ವರ್ಷದಿಂದ ವಿಸ್ಟಿನ್‌ಗೆ ಆ ಕುಂಟುವ ಸದ್ದು ಬೇಕಾಗಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಎಂಜಿನ್ ಬಿಚ್ಚಿದಾಗ ಧೈರ್ಯ ಮಾಡಿ ಕ್ಲೆಮ್‌ನಲ್ಲಿಗೆ ಹೊರಟಿದ್ದ. ವಿತೋರಿನಾ ತಾನೂ ಬರುತ್ತೇನೆಂದಳು. ಭಾನುವಾರದ ಹ್ಯಾಟ್ ಹಾಕಿಕೊಂಡು ಬಂದಳು. ಎಣ್ಣೆಮೈಯ ಏಳೆಂಟು ಗಂಡಸರ ನಡುವೆ ಕೌಂಟರಿನ ಮೇಲೆ ಕೈಚೀಲ ಇಟ್ಟು, "ನಾನು ಜಪಸರ ಹೇಳೋದು ನನಗೆ ಕೇಳಿಸ್ಬೇಕು. ಅಷ್ಟು ಸಣ್ಣದು ಕೊಡಿ" ಎಂದಳು. ಅಂಗಡಿಗೆ ಅಂಗಡಿಯೇ ನಕ್ಕಿತು. ಇವತ್ತು, ಸೇತುವೆಯ ಮೇಲೆ ಲಾರಿಯ ಹಿಂದೆ ನಿಂತಿರುವಾಗಲೂ, ಆ ನಗೆಗೆ ಅವನ ಕಿವಿಯ ತುದಿ ಬಿಸಿಯಾಯಿತು. ಅದೇ ವಾರ ಜೀಲಾಂಗಿನ ಹಳೇ ಸಾಮಾನಿನ ಸಂತೆಯಲ್ಲಿ ತಲೆಯುಬ್ಬಿದ ಎಂಟು ಪಿಸ್ಟನ್ ಕೊಂಡುಕೊಂಡಿದ್ದ. ಸೇಡಿಗೆ. ಆ ಉಬ್ಬಿನಿಂದ ಸಿಲಿಂಡರಿನೊಳಗಿನ ಜಾಗ ಕಿರಿದಾಗಿ, ಪೆಟ್ರೋಲಿನ ಗಾಳಿ ಹತ್ತೂವರೆ ಪಾಲಿನಿಂದ ಒಂದು ಪಾಲಿಗೆ ಹಿಂಡಿಹೋಗುತ್ತದೆ. ಮೊದಲಿನವು ಹಿಂಡುತ್ತಿದ್ದುದು ಒಂಬತ್ತರಿಂದ ಒಂದಕ್ಕೆ. ತಂದವನು ಅವನ್ನು ಹಳೇ ಪತ್ರಿಕೆಯಲ್ಲಿ ಸುತ್ತಿ, ಕ್ರಿಸ್‌ಮಸ್ ಗೋದಲಿಯ ಗೊಂಬೆಗಳಲ್ಲಿ ಮೂಗು ಮುರಿದ ಕುರುಬರನ್ನೂ ಕಾಲಿಲ್ಲದ ಕುರಿಗಳನ್ನೂ ಹಾಕಿಟ್ಟಿದ್ದ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟ. ಆ ಪೆಟ್ಟಿಗೆಯನ್ನು ಯಾರೂ ತೆರೆಯುತ್ತಿರಲಿಲ್ಲ.

ಹೋದ ವಾರ ಅವನು ತೆರೆದ. ಪತ್ರಿಕೆ ಇರಲಿಲ್ಲ. ಎಂಟು ಪಿಸ್ಟನ್‌ಗಳೂ ವಿತೋರಿನಾಳ ನೀಲಿಹೂವಿನ ಹಳೇ ರಾತ್ರಿ ಅಂಗಿಯನ್ನು ಎಂಟು ಚೌಕವಾಗಿ ಕತ್ತರಿಸಿದ ಮೆತ್ತನೆ ಬಟ್ಟೆಯಲ್ಲಿ ಮಲಗಿದ್ದವು. ಹೊಲಿಗೆಯಂತ್ರದ ಎಣ್ಣೆಯ ವಾಸನೆ ಘಮ್ಮೆಂದಿತು. ಅಲ್ಯೂಮಿನಿಯಮ್ಮಿಗೆ ತುಕ್ಕು ಹಿಡಿಯುವುದಿಲ್ಲವೆಂದು ಅವಳಿಗೆ ಯಾರು ಹೇಳಬೇಕು? ಆದರೆ ಪಿಸ್ಟನ್ನಿನ ನಡುವೆ ತೂರುವ ಉಕ್ಕಿನ ಪಿನ್ನಿಗೆ ಹಿಡಿಯುತ್ತದೆ. ಆ ಪಿನ್ನುಗಳು ಎಂಟೂ ಹೊಸ ಚಮಚದ ಹಾಗೆ ಹೊಳೆಯುತ್ತಿದ್ದವು. ಒಂದು ಸಲ ಹಾಕಿದ ಎಣ್ಣೆ ಇಪ್ಪತ್ತೆರಡು ವರ್ಷ ಉಳಿಯುವುದಿಲ್ಲ. ವರ್ಷವರ್ಷವೂ ಹಾಕಿದ್ದಾಳೆ. ಒಂದು ಮಾತು ಆಡದೆ, ಐದು ಕೆಂಪುದೀಪಗಳಲ್ಲೂ ಅವನ ಪಕ್ಕದಲ್ಲಿ ಕಣ್ಣುಮುಚ್ಚಿ ಕೂತು, ಎಲ್ಲ ಗೊತ್ತಿದ್ದೂ. ಅವನು ಅಟ್ಟದ ಮೆಟ್ಟಿಲ ಮೇಲೆ ಕೂತು ಮೊದಲು ಅತ್ತಿದ್ದ. ಆಮೇಲೆ ನಗು ಬಂದು ನಿಲ್ಲಿಸಲಾಗದೆ, ಮೆಟ್ಟಿಲಿಂದ ಜಾರದಂತೆ ಕಂಬಿ ಹಿಡಿದುಕೊಳ್ಳಬೇಕಾಯಿತು. ಒಳಗೊಳಗೇ ಇದ್ದ ಖುಷಿ ಹೀಗೆ ತಲೆ ತಿರುಗುವಷ್ಟಾದದ್ದು ಅವತ್ತಿನಿಂದ.

ಕ್ಲೆಮ್‌ನ ಅಂಗಡಿಯಲ್ಲಿ ಕೌಂಟರಿನ ಹಿಂದೆ ಅವನ ತಂಗಿ ಬೆರಿಲ್ ಇದ್ದಳು. ಎಪ್ಪತ್ತು ದಾಟಿದ ತೆಳ್ಳನೆ ಹೆಂಗಸು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ತಮ್ಮ ಗಾಡಿಗೆ ಎಂಥ ಕ್ಯಾಮ್ ಬೇಕೆಂದು ಗಿರಾಕಿಗಳು ತುಂಬಿದ ಕಾರ್ಡನ್ನು ಎಲ್ಲರಿಗೂ ಕೇಳುವಂತೆ ಓದುವುದು ಅವಳ ಹಳೆಯ ಚಾಳಿ. ಈಗ ಅವಳ ಮುಂದೆ ಕೊಳಾಯಿ ಕೆಲಸದ ಒಬ್ಬ ದಪ್ಪ ಮನುಷ್ಯ ನಿಂತಿದ್ದ.

"ಗಾಡಿಯ ತೂಕ ಸಾವಿರದ ಇನ್ನೂರು ಕಿಲೋ" ಎಂದು ಅವಳು ಓದಿದಳು. "ನಿನ್ನನ್ನ ಕೆಳಗಿಳಿಸಿ ತೂಗಿದ್ಯೋ?"

"ಅಂದಾಜು ಬೆರಿಲ್."

"ಉಪಯೋಗ, ವಾರಕ್ಕೊಂದು ರೇಸು. ಮೊನ್ನೆ ಹಿಂದಿನ ಸೀಟಲ್ಲಿ ಮಗು ಕೂರಿಸೋ ಕುರ್ಚಿ ಇತ್ತಲ್ಲ."

"ಅದನ್ನ ತೆಗೀಬಹುದು."

"ಮಗೂನೂ ತೆಗೀತೀಯಾ?" ಎಂದು ಅವಳು ಕಾರ್ಡನ್ನು ಮೊಳೆಗೆ ಚುಚ್ಚಿದಳು. "ಈ ಕಾರ್ಡುಗಳಲ್ಲಿ ನಿಜ ಅಂತ ಇದ್ರೆ ಫೋನ್ ನಂಬರು ಒಂದೇ. ಕೆಲವರದ್ದು ಅದೂ ಹೆಂಡ್ತಿಗೆ ಗೊತ್ತಾಗಬಾರದು ಅಂತ ಬೇರೆ ಇರತ್ತೆ."

ಇದು ಊರಿನ ಪಶ್ಚಿಮದ ಬಡಾವಣೆಗಳಿಗೆಲ್ಲ ಗೊತ್ತಿದ್ದ ಸಂಗತಿ. ಬರುವವರೆಲ್ಲ ತಮ್ಮ ಗಾಡಿ ಹಗುರ, ತಮ್ಮ ಎಂಜಿನ್ ಬಿಗಿ, ತಾವು ಶೂರರು ಎಂದು ಬರೆಯುತ್ತಾರೆ. ಬೇಕಾದ್ದಕ್ಕಿಂತ ಒಂದು ಅಳತೆ ದೊಡ್ಡ ಕ್ಯಾಮ್ ಕೇಳುತ್ತಾರೆ. ಅದಕ್ಕೆ ಕ್ಲೆಮ್ ಯಾರಿಗೂ ಹೇಳದೆ ಒಂದು ಅಳತೆ ಇಳಿಸಿ ಕೊರೆದು ಕೊಡುತ್ತಾನೆ. ಅದು ಗೊತ್ತಾದ ಮೇಲೆ ಜನ ಎರಡು ಅಳತೆ ಏರಿಸಿ ಬರೆದರು. ಕ್ಲೆಮ್ ಎರಡು ಇಳಿಸಿದ. ಹೀಗೆ ಮೂವತ್ತು ವರ್ಷ ನಡೆದು, ಕಾರ್ಡಿನ ಮೇಲಿನ ಅಂಕಿಗೂ ಪೆಟ್ಟಿಗೆಯೊಳಗಿನ ದಂಡಕ್ಕೂ ಸಂಬಂಧವೇ ಉಳಿಯದೆ, ಆದರೂ ಎಲ್ಲರ ಗಾಡಿಯೂ ಚೆನ್ನಾಗಿಯೇ ಓಡುತ್ತಿತ್ತು.

"ಏನಪ್ಪಾ ಮಿಕಾಲೆಫ್" ಎಂದಳು ಬೆರಿಲ್. "ಇಷ್ಟು ಚೆನ್ನಾಗಿ ತಲೆ ಬಾಚ್ಕೊಂಡು ಬಂದಿದೀಯ, ಹೆಣ್ಣು ನೋಡೋಕೆ ಹೊರಟ್ಯೋ?" ಎಂದವಳು ಸಟ್ಟನೆ ನೆನಪಾಗಿ ಬಾಯಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ನನ್ನ ನಾಲಿಗೆಗೆ ಬೆಂಕಿ ಹಾಕ."

ವಿಸ್ಟಿನ್ ಆ ದುಃಖದ ಮುಖವನ್ನು ಹುಡುಕಿದ. ಸಮಯಕ್ಕೆ ಅದು ಸಿಗಲಿಲ್ಲ. ನಕ್ಕುಬಿಟ್ಟ. ನಗುನಗುತ್ತಲೇ ಕಾರ್ಡ್ ತೆಗೆದುಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತು ಬರೆಯತೊಡಗಿದ. ಸುಳ್ಳು ಬರೆಯುವುದಾದರೆ ಎಷ್ಟು ಏರಿಸಬೇಕು? ಇನ್ನೂರ ತೊಂಬತ್ತು ಬೇಕೆಂದರೆ ಮುನ್ನೂರ ಇಪ್ಪತ್ತು ಬರೆಯಬೇಕೋ ಏನೋ. ಆದರೆ ಕ್ಲೆಮ್ ಈ ವಾರ ಎಷ್ಟು ಇಳಿಸುತ್ತಾನೆಂದು ಯಾರು ಬಲ್ಲರು. ಇಳಿಸಿ ಸಣ್ಣದು ಕೊಟ್ಟ, ತಾನು ಅದನ್ನು ಹತ್ತೂವರೆಯ ಪಿಸ್ಟನ್ ಮೇಲೆ ಕೂರಿಸಿದ ಎಂದರೆ ಅಲ್ಲಿಗೆ ಮುಗಿಯಿತು. ಸಣ್ಣ ಕ್ಯಾಮ್ ವಾಲ್ವನ್ನು ಬೇಗ ಮುಚ್ಚುತ್ತದೆ, ಒಳಗೆ ಬಂದದ್ದೆಲ್ಲ ಹೊರಹೋಗದೆ ಹಿಂಡಿಸಿಕೊಳ್ಳುತ್ತದೆ, ಕಿಡಿ ಹಾರುವ ಮೊದಲೇ ಪೆಟ್ರೋಲ್ ತಾನೇ ಹೊತ್ತಿಕೊಂಡು ಸುತ್ತಿಗೆಯ ಹಾಗೆ ಬಡಿಯುತ್ತದೆ. ಅವಳು ಎಣ್ಣೆ ಹಾಕಿ ಕಾಪಾಡಿದ ಎಂಟೂ ಒಡೆಯುತ್ತವೆ. ದೊಡ್ಡ ಕ್ಯಾಮ್ ವಾಲ್ವನ್ನು ತಡವಾಗಿ ಮುಚ್ಚಿ ಸ್ವಲ್ಪವನ್ನು ಹೊರಕ್ಕೆ ಬಿಟ್ಟುಕೊಡುತ್ತದೆ. ಹತ್ತೂವರೆ ಅದರ ಜತೆ ಬಾಳಬಲ್ಲದು. ಅವನು ನಿಜ ಬರೆದ. ಬರೆಯುತ್ತ ಬರೆಯುತ್ತ, ಮೈಲಿಗೆಯ ಬಟ್ಟೆ ಒಂದೊಂದಾಗಿ ಬಿಚ್ಚಿದಂತೆ ಮೈ ಹಗುರವಾಯಿತು.

ಬೆರಿಲ್ ಕನ್ನಡಕ ಏರಿಸಿದಳು. "ತೂಕ ಸಾವಿರದ ನಾನೂರ ಐವತ್ತು, ಸ್ಟೆಪ್ನಿ ಸೇರಿ." ಅವಳ ದನಿ ತಗ್ಗಿತು. "ಪೆಟ್ರೋಲು, ಬಂಕಿನದು. ಕಂಪ್ರೆಷನ್ ಹತ್ತೂವರೆ. ಉಪಯೋಗ, ಭಾನುವಾರದ ಪೂಜೆ, ಹೆಂಡತಿಯ ಸಮಾಧಿ, ಕ್ಲಬ್ಬಿನಲ್ಲಿ ಬೊಚ್ಚಿ ಚೆಂಡಿನಾಟ. ಬೇಕಾದ ಕ್ಯಾಮ್ ಇನ್ನೂರ ತೊಂಬತ್ತು." ಅವಳು ಒಳಕ್ಕೆ ತಿರುಗಿ ಕೂಗಿದಳು. "ಕ್ಲೆಮ್, ಸ್ವಲ್ಪ ಬಾ ಇಲ್ಲಿ. ಇದನ್ನ ಓದೋಕೆ ನನಗೆ ಹೆದರಿಕೆ ಆಗತ್ತೆ."

ಕ್ಲೆಮ್ ಕೈಯೊರೆಸಿಕೊಳ್ಳುತ್ತ ಬಂದು ಕಾರ್ಡನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದ.

"ಇದೇನ್ ಮಾರಾಯ ಹೊಸ ಆಟ" ಎಂದ. "ಪೂಜೆಗೆ ಹೋಗೋ ಮುದುಕನಿಗೆ ಇನ್ನೂರ ತೊಂಬತ್ತಾ. ಸಮಾಧಿ ಅಂತ ಬರೆದ್ರೆ ನನಗೆ ಪಾಪ ಅನ್ಸತ್ತೆ, ಇಳಿಸಲ್ಲ ಅಂತ ತಾನೆ? ನಲವತ್ತು ವರ್ಷದಲ್ಲಿ ಇಂಥ ಸುಳ್ಳು ನಾನು ನೋಡಿಲ್ಲ."

"ನಿಜ ಕ್ಲೆಮ್."

"ಎಲ್ಲಿ ನಿಜ. ನಿಂದು ಒಂಬತ್ತಕ್ಕೆ ಒಂದು. ನೀನೇ ಇಲ್ಲಿ ನಿಂತು ಹೇಳಿದ್ದೆ, ವಿತೋರಿನಾ ಹ್ಯಾಟ್ ಹಾಕ್ಕೊಂಡು ಬಂದಿದ್ದ ದಿನ. ನೋಡು, ಈ ಎರಡು ನಂಬರೂ ಗಂಡ ಹೆಂಡ್ತಿ ಇದ್ದಹಾಗೆ. ಒಬ್ರು ಸುಳ್ಳು ಹೇಳಿದ್ರೆ ಇನ್ನೊಬ್ರು ಸಾಯ್ತಾರೆ."

ಆ ಮಾತು ಹೇಳಿದವನಿಗೆ ತಗುಲಲಿಲ್ಲ. ವಿಸ್ಟಿನ್‌ಗೆ ತಗುಲಿತು. ಅವನು ಹೊರಗೆ ಹೋಗಿ, ಕಾರಿನ ಸೀಟಿನ ಬೆಲ್ಟ್ ಬಿಚ್ಚಿ, ಗಂಟನ್ನು ಎರಡೂ ಕೈಯಲ್ಲಿ ತಂದು ಕೌಂಟರಿನ ಮೇಲಿಟ್ಟ. ಕ್ಲೆಮ್ ನೀಲಿಹೂವಿನ ಬಟ್ಟೆಯನ್ನು ಬಿಡಿಸಿದ. ಪಿಸ್ಟನ್ನಿನ ಉಬ್ಬಿದ ತಲೆಯ ಮೇಲೆ ಹೆಬ್ಬೆರಳು ಆಡಿಸಿದ. ತಿರುಗಿಸಿ ಪಿನ್ ನೋಡಿದ. ಮೂಸಿದ.

"ಹೊಲಿಗೆ ಮಷೀನಿನ ಎಣ್ಣೆ" ಎಂದ. "ನೀನು ಹಾಕಿದ್ದಲ್ಲ."

"ಅಲ್ಲ."

"ಗೊತ್ತಿತ್ತಾ ಅವಳಿಗೆ?"

"ಇಪ್ಪತ್ತೆರಡು ವರ್ಷ."

ಕೊಳಾಯಿಯವನು ಟೋಪಿ ತೆಗೆದ. ಬೆರಿಲ್ ಮೊಳೆಗೆ ಚುಚ್ಚಿದ್ದ ಕಾರ್ಡುಗಳನ್ನು ಸುಮ್ಮನೆ ಸರಿಮಾಡಿದಳು. ಕ್ಲೆಮ್ ಪಿಸ್ಟನ್ನನ್ನು ಮತ್ತೆ ಬಟ್ಟೆಯಲ್ಲಿಟ್ಟು, ಮಗುವಿನ ಕತ್ತಿನ ಕೆಳಗೆ ಹೊದಿಕೆ ಸರಿಪಡಿಸುವಂತೆ ಅಂಚು ಮಡಚಿದ. "ಸರಿ. ನೀನು ಬರೆದದ್ದನ್ನೇ ಕೊರೀತೀನಿ. ಒಂದು ಕೂದಲೂ ಇಳಿಸಲ್ಲ. ಈಗ ಹೇಳು, ನಿಜವಾಗ್ಲೂ ಎಷ್ಟು?"

ಇಷ್ಟು ದಿನ ಕುಣಿಯುತ್ತಿದ್ದ ಕಾಲು ಆಗ ನಿಂತಿತು. ಇಳಿಸಲ್ಲ ಎಂದರೆ ಏನೆಂದು ವಿಸ್ಟಿನ್ ಈವರೆಗೆ ಯೋಚಿಸಿಯೇ ಇರಲಿಲ್ಲ. ನಲವತ್ತು ವರ್ಷ ಅವನು ದೊಡ್ಡದನ್ನು ಬಯಸಿದ್ದು ಎಷ್ಟು ನಿಶ್ಚಿಂತೆಯಿಂದ. ಬಯಸಿದ್ದನ್ನು ಇಳಿಸಲು ಮನೆಯಲ್ಲೊಬ್ಬಳಿದ್ದಳು, ಅಂಗಡಿಯಲ್ಲೊಬ್ಬನಿದ್ದ. ಸಂತೆಯಲ್ಲಿ ಹಟ ಹಿಡಿಯುವ ಮಗು ತಾಯಿ ಕೊಡಿಸುವುದಿಲ್ಲವೆಂಬ ಧೈರ್ಯದ ಮೇಲೆಯೇ ಆನೆ ಬೇಕೆಂದು ಕೇಳುತ್ತದಲ್ಲ, ಹಾಗೆ. ಈಗ ಯಾರೂ ಬೇಡವೆನ್ನುವುದಿಲ್ಲ. ಆನೆ ಬಾಗಿಲಲ್ಲಿ ನಿಂತಿದೆ. ಬೆರಿಲ್, ಕ್ಲೆಮ್, ಕೊಳಾಯಿಯವನು ಮೂವರೂ ಅವನನ್ನೇ ನೋಡುತ್ತಿದ್ದರು. ಅವನು ಬೇಡವೆನ್ನುವ ಆ ಒಂದು ದನಿಗಾಗಿ ಅಂಗಡಿಯೆಲ್ಲ ಕಿವಿಯಾಡಿಸಿದ. ಒಳಗಡೆ ಕೊರೆಯುವ ಯಂತ್ರ ತಣ್ಣಗೆ ಗುಂಯ್ಗುಡುತ್ತಿತ್ತು, ಅಷ್ಟೆ.

"ಇನ್ನೊಂದು ದಾರಿ ಇದೆ" ಎಂದ ಕ್ಲೆಮ್. "ಪಿಸ್ಟನ್ನಿನ ತಲೆ ಕೆತ್ತಿ ಹಾಕಿದ್ರೆ ಒಂಬತ್ತೂವರೆಗೆ ಬರತ್ತೆ. ಆಗ ಇನ್ನೂರ ಅರವತ್ತು ಸಾಕು. ಗಾಡಿ ಬೆಕ್ಕಿನ ಹಾಗೆ ನಿಲ್ಲತ್ತೆ. ಜಪಸರ ಕೇಳಿಸತ್ತೆ."

ಅದು ಅವಳ ಅಳತೆ. ಸಣ್ಣದು ಕೊಡಿ ಎಂದಿದ್ದಳು, ಎಲ್ಲರ ಎದುರಿಗೆ. ಅವಳು ಹೋದ ಮೇಲೆ ಅವಳ ಮಾತು ಮೀರುವುದೆಂದರೆ? ಆದರೆ ಅವಳು ಇಪ್ಪತ್ತೆರಡು ಸಲ ಒರೆಸಿದ ಆ ತಲೆಯನ್ನು ಯಂತ್ರಕ್ಕೆ ಕೊಟ್ಟು ಕೆತ್ತಿಸುವುದೆಂದರೆ? ಅವಳ ಬಾಯಿ ಒಂದು ಹೇಳಿತ್ತು, ಕೈ ಇನ್ನೊಂದು ಮಾಡಿತ್ತು. "ಇನ್ನೂರ ತೊಂಬತ್ತರಲ್ಲಿ" ಎಂದು ಅವನು ಕೇಳಿದ, "ಪ್ರಾರ್ಥನೆ ಹೇಳೋಕೆ ಆಗಲ್ವಾ?"

ಕ್ಲೆಮ್ ನಲವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನೂ ಕೇಳಿರಲಿಲ್ಲ. ಅಂಗಳದಲ್ಲಿದ್ದ ತನ್ನ ಹಸಿರು ಪಿಕಪ್ಪಿನ ಕಡೆ ಕೈತೋರಿಸಿದ. ಅದರಲ್ಲಿರುವುದೂ ಇನ್ನೂರ ತೊಂಬತ್ತೇ. ಬೆರಿಲ್ ಕೌಂಟರಿನ ಹಲಗೆ ಎತ್ತಿ ಈಚೆ ಬಂದು, "ನಾನು ನಡೆಸ್ತೀನಿ. ನಾನು ಮೆಥೊಡಿಸ್ಟ್ ಚರ್ಚಿನವಳು, ನಿಮ್ಮ ಸರ ನನಗೆ ಬಾರದು. ಪೆಡಲ್ ತುಳಿಯೋದು ಬರತ್ತೆ" ಎಂದು ಬೀಗದಕೈ ಕಿತ್ತುಕೊಂಡಳು.

ವಿಸ್ಟಿನ್ ಎಡಗಡೆ ಕೂತ. ಎಂಟು ಸಿಲಿಂಡರಿನ ಗಾಡಿಯಲ್ಲಿ ಆ ಬದಿಗೆ ಕೂತದ್ದು ಅವನ ಆಯುಷ್ಯದಲ್ಲೇ ಮೊದಲು. ಅವಳ ಬದಿ. ಕಾಲಿಗೆ ಪೆಡಲಿಲ್ಲ, ಕೈಗೆ ಹಿಡಿಯಲು ಚಕ್ರವಿಲ್ಲ, ಮುಂದೆ ಬರಿಯ ಗಾಜು; ಭಾನುವಾರವೆಲ್ಲ ಅವಳು ಹೀಗೆ ಏನೂ ಹಿಡಿಯದೆ ಕೂತಿರುತ್ತಿದ್ದಳು, ಅದಕ್ಕೇ ಮಣಿ ಹಿಡಿದಿರುತ್ತಿದ್ದಳು. ಬೆರಿಲ್ ಕೀಲಿ ತಿರುಗಿಸಿದಳು. ಪಿಕಪ್ಪು ಒಮ್ಮೆ ಮೈಕೊಡವಿ ಎದ್ದಿತು, ಆಮೇಲೆ ಕುಂಟತೊಡಗಿತು, ಗೊರ್ ಗೊರ್, ನಿಂತೇಹೋಯಿತೆನ್ನುವಾಗ ಮತ್ತೆ ಗೊರ್. ಸೀಟಿನ ಸ್ಪ್ರಿಂಗು ಬೆನ್ನಹುರಿಗೆ ಏನೋ ಹೇಳಿತು. ಅವನು ಜೇಬಿನಿಂದ ಅವಳ ಸರ ತೆಗೆದು, ಕಣ್ಣುಮುಚ್ಚಿ, ನಮೋ ಮರಿಯಾ ಎಂದ. ನಮೋ ಎಂಬುದು ನಮೋ ಓ ಓ ಎಂದು ಚೂರುಚೂರಾಗಿ ಹೊರಬಂತು, ಮರಿಯಾ ನಾಲ್ಕು ಸಲ ಎಡವಿದಳು. ಬೆರಿಲ್ ಇನ್ನಷ್ಟು ತುಳಿದಳು. ಅವನು ದನಿಯೇರಿಸಿದ. ಕೇಳಿಸಲಿಲ್ಲ, ಆದರೆ ಪ್ರತಿ ಶಬ್ದವೂ ಪಕ್ಕೆಯೆಲುಬಿಗೆ ಬಡಿದು ಹೋಗುತ್ತಿತ್ತು, ಕೈಯಲ್ಲಿನ ಮಣಿಗಳು ತಾವೇ ಕಟಕಟನೆ ಎಣಿಸಿಕೊಳ್ಳುತ್ತಿದ್ದವು. ಅವನಿಗೆ ನಗು ಬಂತು. ನಗುತ್ತಲೇ ಕೂಗಿದ. ಆಗ ನೆನಪಾಯಿತು. ಆ ಸಂಭಾವಿತ ಎಂಜಿನ್ನಿನಲ್ಲೂ ವಿತೋರಿನಾ ಮೆಲ್ಲಗೆ ಯಾವತ್ತೂ ಪ್ರಾರ್ಥಿಸಿರಲಿಲ್ಲ. ಅವಳು ಕೂಗುತ್ತಿದ್ದಳು. ಕೆಂಪುದೀಪದಲ್ಲಿ ಪಕ್ಕದ ಲಾರಿಯವರು ಗಾಜು ಇಳಿಸಿ ನೋಡುವಷ್ಟು, ಅವನು ನಾಚಿ ರೇಡಿಯೋ ತಿರುಗಿಸುವಷ್ಟು. ಅವಳ ದನಿಯನ್ನು ಮುಚ್ಚುವ ಕ್ಯಾಮನ್ನು ಈ ಲೋಕದಲ್ಲಿ ಯಾರೂ ಕೊರೆದಿರಲಿಲ್ಲ. ಕೇಳಿಸಬೇಕು ಎಂದದ್ದು ತನಗೆಂದಲ್ಲ. ಪಕ್ಕದಲ್ಲಿ ತುಟಿಯನ್ನಷ್ಟೇ ಆಡಿಸುತ್ತಿದ್ದ ಗಂಡನ ದನಿಯ ಅಳತೆ ನೋಡಿ, ಅದು ಕೇಳಿಸಲೆಂದು ಹೇಳಿದ್ದಳು.

"ಏನಾಯ್ತು, ಅಳ್ತಿದೀಯೋ ನಗ್ತಿದೀಯೋ?" ಎಂದು ಬೆರಿಲ್ ಎಂಜಿನ್ ಆರಿಸಿ ಕೇಳಿದಳು.

"ಕೆತ್ತಬೇಡ ಅಂತ ಹೇಳು" ಎಂದ ವಿಸ್ಟಿನ್. ಎಂಜಿನ್ ನಿಂತಿದ್ದರೂ ಅವನ ದನಿ ಇಳಿದಿರಲಿಲ್ಲ. ಅಂಗಡಿಯೊಳಗಿಂದ ಕ್ಲೆಮ್, "ಕೇಳಿಸ್ತು ಮಾರಾಯ" ಎಂದ. ಆಮೇಲೆ, "ಬ್ರೇಕಿಗೆ ಒಂದು ವ್ಯಾಕ್ಯೂಮ್ ಡಬ್ಬಿ ಹಾಕ್ಕೋ. ಈ ಕ್ಯಾಮ್‌ಗೆ ನಿನ್ನ ಬ್ರೇಕು ಕಲ್ಲಾಗತ್ತೆ, ತುಳಿದ್ರೂ ಹಿಡಿಯಲ್ಲ. ಪೂಜೆಗೆ ಹೋಗೋನು ನೇರ ಮೇಲಕ್ಕೇ ಹೋಗ್ಬಿಟ್ಟೀಯ."

ಹಿಂದಿರುಗುವಾಗ ಗಂಟಿಗೆ ಮತ್ತೆ ಬೆಲ್ಟ್ ಹಾಕಿದ. ಮೊದಲನೆಯ ಕೆಂಪುದೀಪದಲ್ಲಿ ವಿತೋರಿನಾಳ ಪುಟ್ಟ ಕಾರು ಸತ್ತಂತೆ ನಿಂತಿತು. ಒಂದು ಚೂರೂ ಸದ್ದಿಲ್ಲ. ಮರೆಸಿಕೊಳ್ಳಲು ಏನೂ ಇಲ್ಲ. ಪಕ್ಕದಲ್ಲಿ ಲಾರಿಯೊಂದು ಬಂದು ನಿಂತಿತು, ಅದರವನ ಮೊಣಕೈ ಕಿಟಕಿಯಿಂದ ಹೊರಗಿತ್ತು. ವಿಸ್ಟಿನ್ ಗಾಜು ಇಳಿಸಿದ. ಸರ ತೆಗೆದ. ಕಿವಿಯ ತುದಿ ಬಿಸಿಯಾಯಿತು, ಆಗಲಿ ಎಂದುಕೊಂಡು, ಇನ್ನೂರ ತೊಂಬತ್ತು ಡಿಗ್ರಿಯ ದನಿಯಲ್ಲಿ ನಮೋ ಮರಿಯಾ ಎಂದು ಶುರುಮಾಡಿದ. ಲಾರಿಯವನು ಬಗ್ಗಿ ನೋಡಿದ. ದೀಪ ಹಸಿರಾಯಿತು. ಹಿಂದಿನಿಂದ ಒಬ್ಬ ಹಾರ್ನ್ ಹಾಕಿದ, ಅವನ ಹಿಂದಿನಿಂದ ಇನ್ನೊಬ್ಬ ಹಾಕಿದ. ಆಮೆನ್ ಆಗುವವರೆಗೆ ವಿಸ್ಟಿನ್ ಗಾಡಿ ತೆಗೆಯಲಿಲ್ಲ.